ಯುಗಾದಿಗೆ ತಾರಸಿಯಲ್ಲಿ ಏನು ಬಿತ್ತಲಿ? ಹಣ್ಣಿನ ಗಿಡಾನೂ ಈಗಲೇ ನೆಟ್ಟುಬಿಡಲಾ?

ಎರಡನೇಮಹಡಿ (ವಿಜಯನಗರ, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದುತ್ತಿದ್ದೆ. ಈಗ ನನ್ನದೇ ಒಂದು ಪ್ರಶ್ನೆ ಇದೆ.

ನಮ್ಮದು 20×30 ಸೈಟಿನ ಮನೆ. ತಾರಸಿಯಲ್ಲಿ ನೀರಿನ ಟ್ಯಾಂಕು, ಸೋಲಾರ್ ಬಿಟ್ಟರೆ ಉಳಿದಿದ್ದೆಲ್ಲ ಖಾಲಿ. ಬೆಳಗ್ಗೆಯಿಂದ ಮಧ್ಯಾಹ್ನ ಮೂರರವರೆಗೂ ಒಳ್ಳೆ ಬಿಸಿಲು. ಕೆಳಗೆ ಗೇಟಿನ ಪಕ್ಕ ಕಾಂಪೌಂಡಿಗೆ ಅಂಟಿಕೊಂಡು ಎರಡಡಿ ಅಗಲದ ಮಣ್ಣಿನ ಜಾಗ ಇದೆ. ಅದರ ಒಂದು ತುದಿಯಲ್ಲಿ ಸಂಪು.

ಯುಗಾದಿ ದಿನವೇ ಶುರು ಮಾಡೋಣ ಅಂತ ಆಸೆ. ಬೇಕೆಂದುಕೊಂಡಿರುವುದು: ಟೊಮೆಟೊ, ಕ್ಯಾರೆಟ್, ಹೂಕೋಸು, ಬೆಂಡೆ, ಹೀರೆ, ಹಾಗಲ, ಅವರೆ, ಸೊಪ್ಪುಗಳು. ಹಣ್ಣಿಗೆ ಸೀಬೆ, ನಿಂಬೆ, ಪಪಾಯ. ಆದರೆ ವಿಡಿಯೋ ನೋಡಿದರೆ "ವಸಂತ ಬಂತು, ಎಲ್ಲ ನೆಡಿ" ಅಂತಾರೆ. ನಮ್ಮ ಅತ್ತೆ "ಈ ಬಿಸಿಲಲ್ಲಿ ಗಿಡ ನೆಟ್ರೆ ನೀರು ಹೊತ್ತು ಹೊತ್ತೇ ಸಾಯ್ತೀಯ" ಅಂತಾರೆ. ಯಾರ ಮಾತು ಕೇಳಲಿ?

ಹೀರೆಬಳ್ಳಿ (ಮೈಸೂರು)

ತರಕಾರಿ ವಿಷಯದಲ್ಲಿ ವಿಡಿಯೋ ಅರ್ಧ ಸರಿ. ಹಣ್ಣಿನ ಗಿಡದ ವಿಷಯದಲ್ಲಿ ನಿಮ್ಮ ಅತ್ತೆ ಪೂರ್ತಿ ಸರಿ.

ಆ ವಿಡಿಯೋಗಳ ಲೆಕ್ಕ ಹಿಮ ಬೀಳುವ ದೇಶದ್ದು. ಅಲ್ಲಿ ಮಾರ್ಚ್‌, ಏಪ್ರಿಲ್‌ನಲ್ಲಿ ನೆಲ ಬೆಚ್ಚಗಾಗಿ ಗಿಡಕ್ಕೆ ಜೀವ ಬರುತ್ತದೆ. ನಮ್ಮಲ್ಲಿ ಅದೇ ತಿಂಗಳಲ್ಲಿ ಬಿಸಿಲು ಕಚ್ಚೋಕೆ ಶುರು. ಹಾಗಾಗಿ ಬಿಸಿಲಿಗೇ ಹುಟ್ಟಿದ ತರಕಾರಿ ಮಾತ್ರ ಈಗ ಬಿತ್ತಬೇಕು. ಬೆಂಡೆ, ಅಲಸಂದೆ, ಗೋರಿಕಾಯಿ, ಹೀರೆ, ಸೋರೆ, ಹಾಗಲ, ಸೌತೆ, ಕುಂಬಳ, ಬದನೆ. ಸೊಪ್ಪಿನಲ್ಲಿ ದಂಟು, ಹರಿವೆ, ಬಸಳೆ. ಕ್ಯಾರೆಟ್, ಹೂಕೋಸು, ಬಟಾಣಿ ಎಲ್ಲ ದಸರಾ ಕಳೆದ ಮೇಲೆ. ಈಗ ಹಾಕಿದರೆ ಹೂಕೋಸಿನ ಗಿಡ ಎಲೆ ಬಿಟ್ಟುಕೊಂಡು ನಿಂತಿರುತ್ತದೆ, ಹೂ ಕಟ್ಟುವುದಿಲ್ಲ.

ಮೊದಲ ಸಲ ಮಾಡುವವರಿಗೆ ಬೆಂಡೆಗಿಂತ ಒಳ್ಳೆಯದು ಬೇರೆ ಇಲ್ಲ. ಬೀಜವನ್ನು ರಾತ್ರಿ ನೀರಲ್ಲಿ ನೆನೆಸಿ, ಬೆಳಗ್ಗೆ ನೇರವಾಗಿ ಚೀಲಕ್ಕೇ ಊರಿ. ಸಸಿ ಮಾಡಿ ಕಿತ್ತು ನೆಡುವುದು ಬೇಡ, ಅದರ ತಾಯಿಬೇರಿಗೆ ಪೆಟ್ಟಾದರೆ ಗಿಡ ಸೊರಗುತ್ತದೆ. 12 ಇಂಚಿನ ಗ್ರೋ ಬ್ಯಾಗಿಗೆ ಎರಡು ಗಿಡ ಸಾಕು. 45-50 ದಿನಕ್ಕೆ ಕಾಯಿ ಶುರು. ಆಮೇಲೆ ದಿನ ಬಿಟ್ಟು ದಿನ ಕೊಯ್ಯಲೇಬೇಕು. ಮರೆತರೆ ಕಾಯಿ ನಾರಾಗುವುದು ಒಂದು ಕಡೆ, ಬಲಿತ ಕಾಯಿ ಗಿಡದಲ್ಲೇ ಉಳಿದರೆ ಹೊಸ ಹೂವೂ ಕಮ್ಮಿಯಾಗುತ್ತದೆ.

ತಳಿ ಕೇಳಿ ತನ್ನಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆಗೆ ಎಲೆ ನರ ಹಳದಿಯಾಗುವ ನಂಜು ರೋಗವನ್ನು ತಡೆಯುವ ಶಕ್ತಿ ಇದೆ. ಬೇಸಿಗೆಯಲ್ಲಿ ಬಿಳಿ ನೊಣ ಜಾಸ್ತಿ, ಆ ರೋಗ ಹರಡುವುದೇ ಅದರಿಂದ.

ಎರಡನೇಮಹಡಿ

ತುಂಬಾ ಥ್ಯಾಂಕ್ಸ್ ಮೇಡಂ. ಟೊಮೆಟೊ ಬಗ್ಗೆ ಏನೂ ಹೇಳಲಿಲ್ಲ? ನಮ್ಮನೇಲಿ ತಿಳಿಸಾರಿಗೆ ದಿನಾ ಬೇಕು.

ಸಸಿಮಡಿ (ದೊಡ್ಡಬಳ್ಳಾಪುರ)

ಟೊಮೆಟೊ ನಾನು ಹೇಳ್ತೀನಿ. ನನ್ನ ಕಸುಬು ಸಸಿ ಮಾರೋದೇ. ಮಾರ್ಚ್‌ನಲ್ಲಿ ಕೇಳಿಕೊಂಡು ಬರುವವರಿಗೆಲ್ಲ ಸಸಿ ಕೊಡುತ್ತೇನೆ. ಆದರೆ ಇಲ್ಲಿ ನಿಜ ಹೇಳುತ್ತೇನೆ: ಬೇಸಿಗೆ ಟೊಮೆಟೊ ಹೊಸಬರಿಗೆ ಬೇಡ. ಬಿಳಿ ನೊಣ ಕೂತ ಸ್ವಲ್ಪ ದಿನಕ್ಕೇ ತುದಿ ಎಲೆ ಮುದುರಿ, ಚಿಕ್ಕದಾಗಿ, ಗೊಂಚಲಾಗಿ ನಿಲ್ಲುತ್ತದೆ. ಇದಕ್ಕೆ ಎಲೆ ಮುಟುರು ರೋಗ ಅಂತಾರೆ. ಬಂದ ಮೇಲೆ ಯಾವ ಔಷಧಿಯೂ ಇಲ್ಲ, ಗಿಡ ಕಿತ್ತು ಎಸೆಯಬೇಕು ಅಷ್ಟೇ. ಇನ್ನು ಬಿಸಿಲು 35 ಡಿಗ್ರಿ ದಾಟಿದರೆ ಹೂವು ತೊಟ್ಟು ಕಳಚಿ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ.

ಹಾಕಲೇಬೇಕು ಅಂದರೆ ಅರ್ಕಾ ರಕ್ಷಕ್ ಹಾಕಿ. ಎಲೆ ಮುಟುರು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುವಂತೆ ಮಾಡಿದ ತಳಿ. ಆದರೆ ಅದು ಹೈಬ್ರಿಡ್. ಆ ಹಣ್ಣಿನ ಬೀಜ ಎತ್ತಿಟ್ಟು ಮುಂದಿನ ಸಲ ಹಾಕಿದರೆ ಅದೇ ಗುಣ ಬರುವುದಿಲ್ಲ.

ಕರಿಬೇವು (ರಾಜಾಜಿನಗರ, ಬೆಂಗಳೂರು)

ಅಣ್ಣ, ಇಷ್ಟೊಂದು ಹೆದರಿಸಬೇಡಿ. ನಾನು ಪ್ರತಿ ಬೇಸಿಗೆ ಟೊಮೆಟೊ ಬೆಳೆಯುತ್ತೇನೆ. 50 ಪರ್ಸೆಂಟ್ ಶೇಡ್ ನೆಟ್ (ಅರ್ಧ ಬಿಸಿಲು ತಡೆಯುವ ನೆರಳು ಬಲೆ) ಕಟ್ಟಿ, ಹಳದಿ ಅಂಟು ಹಾಳೆ ನೇತು ಹಾಕಿದರೆ ಮನೆಗೆ ಸಾಕಾಗುವಷ್ಟು ಬರುತ್ತದೆ. ಬುಟ್ಟಿಗಟ್ಟಲೆ ಬರಲ್ಲ ಅನ್ನೋದು ನಿಜ. ಬೇವಿನ ಎಣ್ಣೆ ಲೀಟರ್ ನೀರಿಗೆ 5 ಎಂಎಲ್, ಜೊತೆಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಸೋಪು ಹಾಕದಿದ್ದರೆ ಎಣ್ಣೆ ನೀರಲ್ಲಿ ಬೆರೆಯದೆ ಮೇಲೇ ತೇಲುತ್ತದೆ. ವಾರಕ್ಕೊಮ್ಮೆ ಸಂಜೆ, ಎಲೆಯ ಅಡಿಭಾಗಕ್ಕೆ ಹೊಡೆಯಬೇಕು. ಬಿಳಿ ನೊಣ ಕೂರೋದು ಅಲ್ಲೇ ಅಲ್ವಾ.

ಸಸಿಮಡಿ

ಶೇಡ್ ನೆಟ್ ಕಟ್ಟುವವರು ಹೊಸಬರಲ್ಲ ಅಕ್ಕ 😄 ನಾನು ಹೇಳಿದ್ದು ಈಗಷ್ಟೇ ಶುರು ಮಾಡುವವರಿಗೆ.

ಗದ್ದೆಬದಿ (ಪುತ್ತೂರು)

ನೀವೆಲ್ಲ ಈಗ ಬಿತ್ತುವ ಮಾತಾಡುತ್ತಿದ್ದೀರಿ, ನಮ್ಮಲ್ಲಿ ಕೊಯ್ದು ಮುಗಿಯುತ್ತಾ ಬಂತು ಮಾರಾಯ್ರೇ. ಕರಾವಳಿಯ ಲೆಕ್ಕ ಬೇರೆ. ಭತ್ತ ಕೊಯ್ದ ಗದ್ದೆಯಲ್ಲಿ ಡಿಸೆಂಬರ್, ಜನವರಿಗೇ ಸೌತೆ, ಅಲಸಂಡೆ, ಹರಿವೆ, ಬೆಂಡೆ ಸಾಲು ಎದ್ದಿರುತ್ತದೆ. ಏಪ್ರಿಲ್ ನಡುವಿನ ಬಿಸು ಹಬ್ಬದ ಕಣಿಗೆ (ಹಬ್ಬದ ಬೆಳಗ್ಗೆ ಮೊದಲು ನೋಡಲು ಜೋಡಿಸಿಡುವ ಹಣ್ಣು, ತರಕಾರಿ) ಮನೆಯದೇ ಸೌತೆಕಾಯಿ ಇಡಬೇಕು ಅಂದರೆ ಆಗಲೇ ಬಿತ್ತಿರಬೇಕು. ಬಲಿತ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಅಡ್ಡಕ್ಕೆ ನೇತು ಹಾಕಿದರೆ ಮಳೆಗಾಲಕ್ಕೂ ಸಾಂಬಾರಿಗೆ ಆಯಿತು.

ನಮ್ಮಲ್ಲಿ ಗೊಬ್ಬರಕ್ಕಿಂತ ಮೊದಲು ಸುಡುಮಣ್ಣು. ಒಣ ತರಗೆಲೆ, ಕಸಕಡ್ಡಿ ಮೇಲೆ ಮಣ್ಣು ಮುಚ್ಚಿ ನಿಧಾನಕ್ಕೆ ಹೊಗೆಯಾಡಿಸಿ ಮಾಡುವುದು. ಬೆಂಗಳೂರಿನ ತಾರಸಿಯಲ್ಲಿ ಇದನ್ನು ಮಾಡಲು ಹೋಗಬೇಡಿ, ಅಕ್ಕಪಕ್ಕದವರು ಫೈರ್ ಎಂಜಿನ್ ಕರೆಸಿಯಾರು. ಆದರೆ ಬಸಳೆ ಹಾಕಿ. ಬೆರಳು ದಪ್ಪದ ಬಲಿತ ದಂಟು, ಎರಡು ಗೆಣ್ಣು ಮಣ್ಣಿನೊಳಗೆ, ಎರಡು ಮೇಲೆ. ಬೀಜವೇ ಬೇಡ. ಒಂದು ಸಣ್ಣ ಚಪ್ಪರ ಮಾಡಿಕೊಟ್ಟರೆ ಮಿಕ್ಕಿದ್ದು ಅದೇ ನೋಡಿಕೊಳ್ಳುತ್ತದೆ.

ಎರಡನೇಮಹಡಿ

ಬಸಳೆ ದಂಟು ಇವತ್ತೇ ಮಾರ್ಕೆಟ್ಟಿಂದ ತಂದೆ! ಮಣ್ಣಿನ ಮಿಶ್ರಣ ಹೇಗೆ ಮಾಡಲಿ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಾರಸಿ ಭಾರ ತಡೆಯುತ್ತಾ ಅಂತಾನೂ ಯೋಚನೆ.

ಹೀರೆಬಳ್ಳಿ

ಕೆಂಪು ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಮೂರೂ ಸಮ ಸಮ. ಗೊಬ್ಬರ ಅಂದರೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ. ಹಸಿ ಸಗಣಿ ಹಾಕಬೇಡಿ, ಗೊಣ್ಣೆಹುಳು ಬರುತ್ತದೆ, ಬೇರೂ ಸುಡುತ್ತದೆ. ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ.

ಭಾರದ ಲೆಕ್ಕಕ್ಕೂ ಇದೇ ಉತ್ತರ. ಬರೀ ಮಣ್ಣು ನೆನೆದರೆ ಒಂದು ಘನ ಅಡಿಗೆ 45-50 ಕೆ.ಜಿ. ತೂಗುತ್ತದೆ. ಕೊಕೊಪೀಟ್, ಗೊಬ್ಬರ ಸೇರಿದರೆ ಅದಕ್ಕಿಂತ ಎಷ್ಟೋ ಹಗುರ. ದೊಡ್ಡ ಡ್ರಮ್ಮುಗಳನ್ನು ತಾರಸಿಯ ನಡುವೆ ಇಡಬೇಡಿ, ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆ ಇಡಿ. ಚೀಲ ನೆಲಕ್ಕೆ ತಾಗಿರಬಾರದು. ಇಟ್ಟಿಗೆಯೋ ಕಬ್ಬಿಣದ ಸ್ಟ್ಯಾಂಡೋ ಇದ್ದರೆ ನೀರು ಹರಿದು ಹೋಗುತ್ತದೆ, ಕೆಳಗೆ ಗುಡಿಸಲೂ ಆಗುತ್ತದೆ. ಹಳೆ ಮನೆಯಾದರೆ ಎಂಜಿನಿಯರ್‌ಗೆ ಒಮ್ಮೆ ತೋರಿಸಿ.

ಎರೆಮಣ್ಣು (ಧಾರವಾಡ)

ಕೊಕೊಪೀಟ್ ಬಗ್ಗೆ ಒಂದು ಮಾತು. ಇಟ್ಟಿಗೆಯಂತೆ ಬರುವ ಅಗ್ಗದ ಕೊಕೊಪೀಟಿನಲ್ಲಿ ಉಪ್ಪಿನಂಶ ಇರುತ್ತದೆ ರೀ. ನೆನೆಸಿ, ಹಿಂಡಿ, ಆ ಕಂದು ನೀರು ಚೆಲ್ಲಿ, ಇನ್ನೊಮ್ಮೆ ತೊಳೆದೇ ಬಳಸಿ. ಇಲ್ಲದಿದ್ದರೆ ಸಣ್ಣ ಸಸಿಯ ಎಲೆ ಅಂಚು ಸುಟ್ಟಂತೆ ಆಗುತ್ತದೆ.

ನಮ್ಮ ಕಡೆಯವರು ಯಾರಾದರೂ ಓದುತ್ತಿದ್ದರೆ: ಹೊಲದ ಎರೆಮಣ್ಣು (ಕಪ್ಪು ಮಣ್ಣು) ತಂದು ಕುಂಡಕ್ಕೆ ತುಂಬಬೇಡಿ. ಹೊಲದಲ್ಲಿ ಅದು ಬಂಗಾರ. ಕುಂಡದಲ್ಲಿ ನೀರು ಹಾಕಿದರೆ ಅಂಟು, ಒಣಗಿದರೆ ಬಿರುಕು. ಬಿರುಕಿನ ಸಂದಿಯಿಂದ ನೀರು ಸೀದಾ ಕೆಳಗೆ ಇಳಿಯುತ್ತದೆ, ಬೇರಿಗೆ ಸಿಗುವುದಿಲ್ಲ. ಮರಳು, ಗೊಬ್ಬರ ಜಾಸ್ತಿ ಬೆರೆಸಬೇಕು. ಈ ಬಿಸಿಲಿಗೆ ಚವಳಿಕಾಯಿ (ನಿಮ್ಮ ಗೋರಿಕಾಯಿ), ಪುಂಡಿ ಸೊಪ್ಪು, ರಾಜಗಿರಿ ಸೊಪ್ಪು ಮೂರು ಹಾಕಿಬಿಡಿ. ಕಲಬುರಗಿ ಕಡೆ 42 ಡಿಗ್ರಿ ಕಾಯುವಾಗಲೂ ನೀರೊಂದಿದ್ದರೆ ಚವಳಿಕಾಯಿ ಜಪ್ಪಯ್ಯ ಅನ್ನುವುದಿಲ್ಲ.

ಟ್ಯಾಂಕರ್‌ಪುರಾಣ (ಮಾರತಹಳ್ಳಿ, ಬೆಂಗಳೂರು)

ಎಲ್ಲ ಸರಿ, ನೀರು? 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂದಿದ್ದು ಮರೆತುಹೋಯ್ತಾ? ಆ ಬೇಸಿಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸ್ನಾನಕ್ಕೇ ಬಕೆಟ್ ಲೆಕ್ಕ. ಗಿಡಕ್ಕೆ ಎಲ್ಲಿಂದ ತರೋದು?

ಕರಿಬೇವು

ಮರೆತಿಲ್ಲ ಸರ್. ಅವತ್ತಿಂದ ನಮ್ಮನೆ ಗಿಡಗಳಿಗೆ ನಲ್ಲಿ ನೀರು ಇಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿಗೆ ಸಿಂಕಿನ ಪಕ್ಕ ಒಂದು ಬಕೆಟ್. ಆರ್‌ಒ ಫಿಲ್ಟರಿನಿಂದ ಹೊರಹೋಗುವ ನೀರಿಗೆ ಇನ್ನೊಂದು. ಆರ್‌ಒ ನೀರಲ್ಲಿ ಲವಣ ಜಾಸ್ತಿ, ಅದಕ್ಕೇ ಅಡುಗೆಮನೆ ನೀರಿನ ಜೊತೆ ಬೆರೆಸಿ ಹಾಕುತ್ತೇನೆ. ಬೀನ್ಸಿಗೆ ಮಾತ್ರ ಹಾಕಲ್ಲ, ಅದು ಉಪ್ಪು ತಡೆಯಲ್ಲ. ವಾಷಿಂಗ್ ಮೆಷಿನ್ನಿನ ಸೋಪಿನ ನೀರು ಸೊಪ್ಪು ತರಕಾರಿಗೆ ಬೇಡ.

ನೀರು ಉಳಿಸೋದು ಹೊದಿಕೆ. ಚೀಲದ ಮಣ್ಣು ಕಾಣಿಸದ ಹಾಗೆ ಎರಡು ಇಂಚು ಒಣ ಎಲೆ ಮುಚ್ಚಿ. ರಸ್ತೆ ಗುಡಿಸಿದ ಎಲೆ ಎಲ್ಲ ಕಡೆ ಚೀಲಗಟ್ಟಲೆ ಸಿಗುತ್ತದೆ, ಪೌರಕಾರ್ಮಿಕರನ್ನು ಕೇಳಿದರೆ ಖುಷಿಯಾಗಿ ಕೊಡುತ್ತಾರೆ. ನೀರು ಬೆಳಗ್ಗೆ ಬಿಸಿಲೇರುವ ಮೊದಲು ಹಾಕಿ. ಮಧ್ಯಾಹ್ನ ಕುಂಬಳದ ಎಲೆ ಬಾಡಿ ನೇತಾಡುತ್ತಿದ್ದರೆ ಗಾಬರಿ ಬಿದ್ದು ನೀರು ಸುರಿಯಬೇಡಿ. ಸಂಜೆ ನೋಡಿ. ಆಗ ಎಲೆ ಎದ್ದು ನಿಂತಿದ್ದರೆ ಅದು ಬರೀ ಬಿಸಿಲಿನ ಬಾಡು. ಸಂಜೆಯೂ ಬಾಡಿದ್ದರೆ ಮಾತ್ರ ಬಾಯಾರಿಕೆ.

ಜರ್ಸಿಕನ್ನಡತಿ (ಎಡಿಸನ್, ನ್ಯೂಜೆರ್ಸಿ)

ನಿಮ್ಮ ಬಿಸಿಲಲ್ಲಿ ಒಂದು ಡಬ್ಬಿ ಇಲ್ಲಿಗೆ ಕಳಿಸಿ. ಇಲ್ಲಿ ಏಪ್ರಿಲ್ ಕೊನೆಯವರೆಗೂ, ಕೆಲವು ವರ್ಷ ಮೇ ತಿಂಗಳಲ್ಲೂ ರಾತ್ರಿ ಹಿಮ ಕೂರುವ ಭಯ. ನನ್ನ ಬದನೆ, ಮೆಣಸಿನ ಸಸಿ ಎಲ್ಲ ಬೇಸ್‌ಮೆಂಟಿನಲ್ಲಿ ದೀಪದ ಕೆಳಗೆ ಕೂತಿವೆ. ಮೇ ನಡುವೆ ಹೊರಗೆ.

ನನ್ನದು ಅವರೆಯ ಗೋಳು. ಊರಿಂದ ತಂದ ಸೊಗಡು ಅವರೆ ಬೀಜ ಬೇಸಿಗೆಯೆಲ್ಲ ಬೇಲಿ ತುಂಬಾ ಹಬ್ಬುತ್ತದೆ. ಹೂ ಮೂಡುವ ಹೊತ್ತಿಗೆ ಅಕ್ಟೋಬರ್, ಹಿಮ ಬಿದ್ದು ಎಲ್ಲ ಕಪ್ಪು. ಗೊಬ್ಬರ ಕಮ್ಮಿ ಆಗಿದೆಯಾ?

ಹೀರೆಬಳ್ಳಿ

ಗೊಬ್ಬರದ ತಪ್ಪಲ್ಲ ಅಕ್ಕ, ಹಗಲಿನದು. ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವ ಬಳ್ಳಿ. ನಿಮ್ಮಲ್ಲಿ ಬೇಸಿಗೆ ಹಗಲು ನಮ್ಮದಕ್ಕಿಂತ ಎಷ್ಟೋ ಉದ್ದ, ಅದಕ್ಕೆ ಅಲ್ಲಿವರೆಗೂ ಸುಮ್ನೆ ಎಲೆ ಬಿಡುತ್ತದೆ. ಮೂಲ ಪ್ರಶ್ನೆ ಕೇಳಿದ ವಿಜಯನಗರದವರಿಗೂ ಇದೇ ಉತ್ತರ: ಯುಗಾದಿಗೆ ಸೊಗಡು ಅವರೆ ಬಿತ್ತಿದರೆ ಬಳ್ಳಿಗೆ ನವೆಂಬರ್‌ವರೆಗೂ ಊಟ ಹಾಕಬೇಕು. ಜುಲೈ, ಆಗಸ್ಟ್‌ಗೆ ಬಿತ್ತಿ, ಸಂಕ್ರಾಂತಿಗೆ ಸಿಗುತ್ತದೆ.

ವರ್ಷಪೂರ್ತಿ ಬೇಕಾದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಇವೆ. ಗಿಡ್ಡ ಗಿಡ, ಹಗಲಿನ ಉದ್ದದ ಹಂಗಿಲ್ಲ. ಜರ್ಸಿಗೂ ಇವೇ ಸರಿ. ಸೊಗಡು ಮಾತ್ರ ನಾಟಿ ಬಳ್ಳಿಯದೇ ಜೋರು ಅಂತ ನಮ್ಮಮ್ಮನ ತೀರ್ಪು, ನಾನೂ ಅದಕ್ಕೆ ಎದುರಾಡಲ್ಲ.

ಸಸಿಮಡಿ

ಈಗ ಹಣ್ಣಿನ ಗಿಡಕ್ಕೆ ಬರೋಣ. ಯಾರೂ ಮುಟ್ಟಲಿಲ್ಲ.

ಈ ಬೇಸಿಗೆಯಲ್ಲಿ ಗುಂಡಿ ಮಾತ್ರ ತೆಗೆಯಿರಿ, ಗಿಡ ತರಬೇಡಿ. ನಮ್ಮ ಹಿರಿಯರು ಮಾಡುತ್ತಿದ್ದಿದ್ದೂ ಹಾಗೇ. ಸೀಬೆ, ನಿಂಬೆಗೆ ಎರಡಡಿ ಉದ್ದ, ಅಗಲ, ಆಳ. ಮೇಲಿನ ಅರ್ಧದ ಮಣ್ಣು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಹಾಕಿ. ಗುಂಡಿಯನ್ನು ತಿಂಗಳಾದರೂ ಬಿಸಿಲಿಗೆ ಬಿಡಿ. ಗೆದ್ದಲು, ಹುಳದ ಮೊಟ್ಟೆ, ಕಳೆಯ ಬೇರು ಎಲ್ಲ ಒಣಗಿ ಹೋಗುತ್ತದೆ. ಆಮೇಲೆ ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಬೆರೆಸಿ ಮೊದಲು ತುಂಬಿ. ಒಂದೆರಡು ಮಳೆಗೆ ಅದು ಕುಸಿದು ಕೂರಲಿ. ಗಿಡ ನೆಡುವುದು ರೋಹಿಣಿ, ಮೃಗಶಿರ ಮಳೆ ಹೊತ್ತಿಗೆ, ಅಂದರೆ ಮೇ ಕೊನೆಯಿಂದ ಜೂನ್. ಆಗ ನೆಟ್ಟ ಗಿಡಕ್ಕೆ ನಾಲ್ಕು ತಿಂಗಳು ಆಕಾಶವೇ ನೀರು ಹಾಕುತ್ತದೆ. ಈಗ ನೆಟ್ಟರೆ ಅತ್ತೆಯವರು ಹೇಳಿದ್ದೇ ಆಗೋದು.

ಸೀಬೆಯಲ್ಲಿ ಕೆಂಪು ತಿರುಳು ಬೇಕಾದರೆ ಅರ್ಕಾ ಕಿರಣ್, ಬೀಜ ಮೆತ್ತಗಿರಬೇಕು ಅಂದರೆ ಅರ್ಕಾ ಮೃದುಲ. ಕಸಿ ಮಾಡಿದ ಗಿಡವನ್ನೇ ತನ್ನಿ. ನೆಡುವಾಗ ಕಸಿ ಗಂಟು ಮಣ್ಣಿನಿಂದ ಮೇಲಿರಲಿ, ಅದರ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟಿ. ಆ ಚಿಗುರು ಕೆಳಗಿನ ಬುಡದ ಗಿಡದ್ದು. ಬಿಟ್ಟರೆ ಅದೇ ಮರವಾಗುತ್ತದೆ, ನೀವು ದುಡ್ಡು ಕೊಟ್ಟು ತಂದ ತಳಿ ಮೂಲೆಗುಂಪು.

ಪಪಾಯಕ್ಕೆ ನಾಟಿ ಬೀಜ ಹಾಕುವುದಾದರೆ ಒಂದೇ ಗುಂಡಿಗೆ ಮೂರು ಸಸಿ ನೆಡಿ. ಹೂ ಬಂದಾಗ ಉದ್ದ ತೊಟ್ಟಿನಲ್ಲಿ ಗೊಂಚಲಾಗಿ ಜೋತುಬಿದ್ದರೆ ಗಂಡು ಗಿಡ, ತೆಗೆದುಬಿಡಿ. ಕಾಂಡಕ್ಕೆ ಅಂಟಿಕೊಂಡು ದಪ್ಪ ಮೊಗ್ಗು ಬಂದರೆ ಅದು ಉಳಿಯಲಿ. ರೆಡ್ ಲೇಡಿ ತಳಿಯಲ್ಲಿ ಈ ರಗಳೆ ಇಲ್ಲ, ಗಂಡು ಗಿಡ ಬರುವುದಿಲ್ಲ.

ಇನ್ನೊಂದು ವಿಷಯ. ಸಂಪಿನ ಪಕ್ಕ ಸೀಬೆ, ಮಾವು ಯಾವುದೂ ಬೇಡ. ಬೇರು ನೀರು ಹುಡುಕಿಕೊಂಡು ಹೋಗುತ್ತದೆ. ಆ ತುದಿಗೆ ದಂಟು, ಪುದೀನ ಹಾಕಿಕೊಳ್ಳಿ. ನಿಂಬೆ, ಸೀಬೆ ಎರಡನ್ನೂ ತಾರಸಿಯಲ್ಲಿ ದೊಡ್ಡ ಡ್ರಮ್ಮಿನಲ್ಲೂ ಬೆಳೆಸಬಹುದು. ಸೀಬೆಗೆ ಕತ್ತರಿ ಹಾಕಿದಷ್ಟೂ ಒಳ್ಳೆಯದು, ಕಾಯಿ ಬರುವುದೇ ಹೊಸ ಚಿಗುರಲ್ಲಿ.

ಗದ್ದೆಬದಿ

ಅಷ್ಟೂ ಮಾತಿಗೆ ನನ್ನ ಸಹಿ ಇದೆ. ಪಪಾಯದ ಬುಡ ಮಾತ್ರ ಸ್ವಲ್ಪ ಎತ್ತರದ ದಿಬ್ಬದಲ್ಲಿರಲಿ. ನೀರು ನಿಂತರೆ ಕಾಂಡ ಬುಡದಲ್ಲೇ ಕೊಳೆತು ಮಗುಚಿ ಬೀಳುತ್ತದೆ.

ಎರಡನೇಮಹಡಿ (ಮೇ ಮೂರನೇ ವಾರ)

ವರದಿ ಒಪ್ಪಿಸುತ್ತಿದ್ದೇನೆ. ದಂಟು, ಹರಿವೆ ಕೊಯ್ದು ತಿಂದಾಯಿತು. ಬೆಂಡೆ ಬರುತ್ತಿದೆ. ಬಸಳೆ ಟ್ಯಾಂಕ್ ಸ್ಟ್ಯಾಂಡಿಗೆ ಹತ್ತಿದೆ. ಟೊಮೆಟೊ ಕೈಬಿಟ್ಟೆ. ಹೀರೆ ಮಾತ್ರ ಅರ್ಥವಾಗುತ್ತಿಲ್ಲ. ಹೂ ರಾಶಿ ರಾಶಿ, ಕಾಯಿ ಒಂದೂ ಇಲ್ಲ. ಬೆರಳುದ್ದ ಬಂದು ಹಳದಿಯಾಗಿ ಉದುರುತ್ತದೆ. ಬೆಳಗ್ಗೆ ಹೋಗಿ ನೋಡಿದರೆ ಹೂವೆಲ್ಲ ಮುದುಡಿರುತ್ತದೆ.

ಹೀರೆಬಳ್ಳಿ

ನನ್ನ ಹೆಸರಿನ ಬಳ್ಳಿ, ನಾನೇ ಹೇಳಬೇಕು. ಹೀರೆ ಹೂ ಅರಳುವುದು ಸಂಜೆ. ಬೆಳಗ್ಗೆ ಹೋದರೆ ಆಟ ಮುಗಿದಿರುತ್ತದೆ. ಸೋರೆಯ ಬಿಳಿ ಹೂವೂ ಸಂಜೆಯದೇ. ಕುಂಬಳ, ಹಾಗಲ ಬೆಳಗ್ಗೆಯವು.

ಮೊದಲು ಬರುವುದೆಲ್ಲ ಗಂಡು ಹೂ, ಒಂದೇ ಕಾಂಡದಲ್ಲಿ ಗೊಂಚಲಾಗಿ ಬರುತ್ತದೆ. ಹೆಣ್ಣು ಹೂ ಒಂಟಿ. ಅದರ ಹಿಂದೆ ಕಡ್ಡಿಯಷ್ಟು ತೆಳ್ಳಗಿನ, ಏಣು ಇರುವ ಮರಿ ಹೀರೆಕಾಯಿ ಇರುತ್ತದೆ. ಪರಾಗ ಮುಟ್ಟದಿದ್ದರೆ ಆ ಮರಿಯೇ ಹಳದಿಯಾಗಿ ಉದುರುವುದು. ಮೇಲಿನ ಮಹಡಿಗೆ ಸಂಜೆ ಹೊತ್ತು ಜೇನು ಕಮ್ಮಿ. ನೀವೇ ಮಾಡಿ. ಸಂಜೆ ಆರರ ಹೊತ್ತಿಗೆ ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಬೆರಳಿಗೆ ಪುಡಿ ಅಂಟಿದರೆ ಹೂ ತಾಜಾ ಇದೆ ಎಂದರ್ಥ. ಮೂರು ದಿನಕ್ಕೆ ಮರಿ ಕಾಯಿಯ ತೊಟ್ಟು ದಪ್ಪವಾಗಿ ಕೆಳಗೆ ಬಾಗಿದರೆ ಕಚ್ಚಿತು.

ಕರಿಬೇವು

ಹಾಗಲದ ಹೂ ಶುರುವಾದ ಕೂಡಲೇ ಹಣ್ಣು ನೊಣದ ಬಲೆ ಕಟ್ಟಿ. ಬಳ್ಳಿ ತರಕಾರಿಗೆ ಬೇರೆ ಲೂರ್ (ಬಲೆಯೊಳಗೆ ನೊಣವನ್ನು ಸೆಳೆಯುವ ವಾಸನೆಯ ವಸ್ತು), ಮಾವಿಗೆ ಬೇರೆ. ಅಂಗಡಿಯಲ್ಲಿ "ಹಾಗಲಕ್ಕೆ" ಅಂತಲೇ ಹೇಳಿ ತನ್ನಿ. ಕೊಳೆತ ಕಾಯಿ ಕೆಳಗೆ ಬಿದ್ದಿದ್ದರೆ ಗೊಬ್ಬರದ ಬುಟ್ಟಿಗೆ ಹಾಕಬೇಡಿ, ಒಳಗೆ ಹುಳ ಇರುತ್ತದೆ.

ಎರಡನೇಮಹಡಿ (ಜೂನ್ ಮೊದಲ ವಾರ)

ಹೀರೆ ಕಚ್ಚಿತು! ಅತ್ತೆ ಈಗ ಸಂಜೆ ಆರಕ್ಕೆ ನನಗಿಂತ ಮೊದಲು ಮೇಲೆ ಹೋಗುತ್ತಾರೆ.

ಕೊನೆಗೊಂದು ಪ್ರಶ್ನೆ. ಗುಂಡಿ ತೆಗೆದು ಬಿಸಿಲಿಗೆ ಬಿಟ್ಟಿದ್ದೆವು, ಇನ್ನೂ ತುಂಬಿಲ್ಲ. ಮೊನ್ನೆ ರಾತ್ರಿ ಜೋರು ಮಳೆ. ಗುಂಡಿಯಲ್ಲಿ ನಿಂತ ನೀರು ಇವತ್ತೂ ಅರ್ಧ ಹಾಗೇ ಇದೆ. ಸೀಬೆ ಗಿಡ ತಂದಾಗಿದೆ. ನೆಡಲಾ?

ಸಸಿಮಡಿ

ಈಗಲೇ ಬೇಡ. ಒಂದು ದಿನ ಕಳೆದರೂ ನೀರು ಇಂಗಿಲ್ಲ ಅಂದರೆ ತಳ ಗಟ್ಟಿಯಾಗಿದೆ. ಸೈಟಿನ ಮನೆಗಳಲ್ಲಿ ಕಟ್ಟುವಾಗ ಸುರಿದ ಜಲ್ಲಿ, ಸಿಮೆಂಟು ಗಟ್ಟಿಯಾಗಿ ಕೂತಿರುತ್ತದೆ. ನೀರು ಎತ್ತಿ ಹಾಕಿ, ಹಾರೆಯಿಂದ ತಳದಲ್ಲಿ ಒಂದಡಿ ಕೆದಕಿ ನೋಡಿ. ಸಿಮೆಂಟಿನ ಹಕ್ಕಳೆ ಸಿಕ್ಕರೆ ಒಡೆದು ತೆಗೆಯಿರಿ. ಆಮೇಲೆ ಎರಡು ಬಕೆಟ್ ನೀರು ಹುಯ್ದು ನೋಡಿ. ಬೆಳಗ್ಗೆಗೆ ಖಾಲಿಯಾಗಿದ್ದರೆ ಗುಂಡಿ ತುಂಬಿ ನೆಡಿ. ಇಲ್ಲದಿದ್ದರೆ ಅದೇ ಜಾಗದಲ್ಲಿ ನೆಲದಿಂದ ಒಂದಡಿ ಮೇಲೆ ಇಟ್ಟಿಗೆ ಕಟ್ಟೆ ಕಟ್ಟಿ ಅದರಲ್ಲಿ ನೆಡಿ. ಅಲ್ಲಿವರೆಗೂ ಗಿಡ ಕವರಿನಲ್ಲೇ ನೆರಳಲ್ಲಿರಲಿ, ಒಂದೆರಡು ವಾರ ಏನೂ ಆಗುವುದಿಲ್ಲ.